ಮೂಲೆಕೊಳದ ಡಬ್ಬಿ ಬಾತುಗಳು

ಎಲ್ಡನ್ ಮೆನಾರನ ಅಂದಿನ ಪಾಡಿಗೆಲ್ಲ ಮೂಲ ಅವನ ಹೆಂಡತಿಯ ಧರ್ಮಬುದ್ಧಿ.

ಸೆಪ್ಟೆಂಬರಿನಲ್ಲಿ ಟೀಲ್ ಎಂಬ ಸಣ್ಣ ಬಾತುಗಳ ಬೇಟೆ ಶುರುವಾಗುವ ಹಿಂದಿನ ಸಂಜೆ ಅವನು ಶೆಡ್ಡಿಗೆ ಹೋಗಿ ನೋಡಿದರೆ ದೀಮದ ಬಾತುಗಳ ಮೂಟೆಯೇ ಇಲ್ಲ. ನೀರಿನ ಮೇಲೆ ತೇಲಿಬಿಟ್ಟರೆ, ಹಾರಿಬರುವ ಬಾತುಗಳು ತಮ್ಮ ಬಳಗವೇ ಎಂದು ನಂಬಿ ಕೆಳಗಿಳಿಯುವಂಥ ಪ್ಲಾಸ್ಟಿಕ್ ಗೊಂಬೆಗಳು ಅವು. ಅವಿಲ್ಲದೆ ಜೌಗಿಗೆ ಹೋಗುವುದೂ ಒಂದೇ, ಮನೆಯಲ್ಲಿ ಕೂತು ಆಕಳಿಸುವುದೂ ಒಂದೇ. ಒಲೆಯ ಮುಂದಿದ್ದ ವರ್ನಾ ತಿರುಗಿಯೂ ನೋಡದೆ, ಚರ್ಚಿನವರ ಹಳೇ ಸಾಮಾನಿನ ಮಾರಾಟಕ್ಕೆ ಅದನ್ನು ಕೊಟ್ಟುಬಿಟ್ಟೆ ಎಂದಳು. ಒಂದಕ್ಕೆ ಕತ್ತಿಲ್ಲ, ಇನ್ನೊಂದಕ್ಕೆ ಕೊಕ್ಕಿಲ್ಲ, ಅಂಥವನ್ನು ಇಟ್ಟುಕೊಂಡು ಏನು ಮಾಡುತ್ತೀಯ ಎಂದು ಕೇಳಿದಳು. ಎಲ್ಡನ್ ಬಾಯಿ ತೆರೆದ. ದೇವರ ಕೆಲಸಕ್ಕೆ ಕೊಟ್ಟದ್ದನ್ನು ಬೈದರೆ ನರಕ, ಬೈಯದಿದ್ದರೆ ಹೊಟ್ಟೆಯುರಿ. ಬಾಯಿ ಮುಚ್ಚಿದ.

ಹೊಸ ದೀಮ ಸಿಗುವ ಅಂಗಡಿ ಇದ್ದದ್ದು ದೂರದ ಪೇಟೆಯಲ್ಲಿ, ಅದೂ ಮುಚ್ಚುವ ಹೊತ್ತು. ಆಗ ಅವನ ಕಣ್ಣಿಗೆ ಬಿದ್ದದ್ದು ಹಿತ್ತಲಲ್ಲಿ ರಾಶಿ ಬಿದ್ದಿದ್ದ ಬಟ್ಟೆಸೋಪಿನ ಖಾಲಿ ಡಬ್ಬಿಗಳು. ವರ್ನಾಳ ತಂಗಿ ಲಾಂಡ್ರಿ ನಡೆಸುತ್ತಿದ್ದಳು. ಅವಳ ಡಬ್ಬಿಗಳಿಗೆಲ್ಲ ಕೊನೆಯ ನೆಲೆ ಇವರ ಹಿತ್ತಲೇ. ಈ ಕಾಲದಲ್ಲಿ ಟೀಲ್‌ಗಳಲ್ಲಿ ಗಂಡಿಗೂ ಬಣ್ಣ ಬಂದಿರುವುದಿಲ್ಲ, ಎಲ್ಲವೂ ಒಂದೇ ಮಣ್ಣುಕಂದು. ಜಗಲಿಗೆ ಬಳಿದು ಮಿಕ್ಕಿದ್ದ ಕಂದು ಬಣ್ಣವನ್ನು ಎಲ್ಡನ್ ಡಬ್ಬಿಗಳಿಗೆ ಬಳಿದ, ಹಿಡಿಕೆಗೆ ದಾರ ಕಟ್ಟಿದ, ದಾರದ ತುದಿಗೆ ಲಂಗರಾಗಿ ಹಳೇ ಬೋಲ್ಟು ಬಿಗಿದ. ಬಣ್ಣ ಡಬ್ಬಿಗಿಂತ ಹೆಚ್ಚಾಗಿ ಅವನಿಗೇ ಅಂಟಿತು.

ಮೂವರು ಸೇರಿ ಗುತ್ತಿಗೆಗೆ ಹಿಡಿದ ಜೌಗು ಅದು. ಎಲ್ಡನ್, ಅವನ ಷಡ್ಡಕ ಲೆಸ್ಟರ್, ಮತ್ತು ಹೆಂಡತಿಯರಿಬ್ಬರ ಚಿಕ್ಕಪ್ಪ ಅಮೆದೆ. ಚಿಕ್ಕಪ್ಪನಿಗೆ ಆ ಕಡೆ ‘ನೋಂಕ್’ ಎನ್ನುತ್ತಾರೆ. ಅಮೆದೆ ಊರಿಗೆಲ್ಲ ನೋಂಕ್. ಜೌಗಿನಲ್ಲಿ ಎರಡು ಕೊಳ. ದೊಡ್ಡಕೊಳದ ಮರೆಗೂಡಿನಲ್ಲಿ ಇಬ್ಬರು ಹಕ್ಕಿಗೆ ಕಾಣದಂತೆ ಕೂರಬಹುದು. ಬೆಂಚಿದೆ, ನೆರಳಿದೆ, ಕಾಫಿ ಇಡಲು ಹಲಗೆಯಿದೆ. ಮೂಲೆಕೊಳದ್ದು ಒಬ್ಬನ ಗೂಡು. ಬೆಳಗಿನ ಬಿಸಿಲು ನೇರ ಕಣ್ಣಿಗೆ, ಸೊಳ್ಳೆಗಳು ನೇರ ಕಿವಿಗೆ. ಮೊದಲ ದಿನ ಯಾರು ಎಲ್ಲರಿಗಿಂತ ಮುಂಚೆ ಆರು ಹಕ್ಕಿ ಹೊಡೆಯುತ್ತಾರೋ, ವರ್ಷಪೂರ್ತಿ ಜಾಗದ ಆಯ್ಕೆ ಅವರದು. ದಿನಕ್ಕೆ ಒಬ್ಬನಿಗೆ ಕಾನೂನು ಬಿಡುವುದೂ ಅಷ್ಟೇ. ಗುತ್ತಿಗೆ ಹಿಡಿದಂದಿನಿಂದ ಎಲ್ಡನ್ ಮೂಲೆಕೊಳದವನೇ ಆಗಿ ಉಳಿದಿದ್ದ.

ಅವನಿಗೆ ಸೊಳ್ಳೆಯ ಬೇಸರಕ್ಕಿಂತ ಒಂಟಿತನದ ಬೇಸರ ದೊಡ್ಡದು. ದೊಡ್ಡಕೊಳದ ಕಡೆಯಿಂದ ಗಾಳಿಯಲ್ಲಿ ಅವರಿಬ್ಬರ ಮಾತು ಬೆಳಗಿನುದ್ದಕ್ಕೂ ತೇಲಿಬರುತ್ತಿತ್ತು. ಪದ ತಿಳಿಯದು, ರಾಗ ಮಾತ್ರ ಕೇಳುತ್ತಿತ್ತು. ಎಷ್ಟು ಮಜವಾಗಿದ್ದಾರಲ್ಲ ಎಂದು ಇವನು ಒಬ್ಬನೇ ಕೂತು ತಣ್ಣಗಾದ ಕಾಫಿ ಕುಡಿಯುತ್ತಿದ್ದ.

ನಸುಕಿನಲ್ಲಿ ದೋಣಿಗೆ ಸಾಮಾನು ಹೇರುವಾಗ ಲೆಸ್ಟರ್ ಟಾರ್ಚು ಬಿಟ್ಟು ಎಲ್ಡನ್‌ನ ಮೂಟೆಯೊಳಗೆ ನೋಡಿದ. ಬಹಳ ಹೊತ್ತು ನೋಡಿದ.

“ಎಲ್ಡನ್, ಬಾತು ಹೊಡೆಯೋಕೆ ಬಂದ್ಯೋ, ಬಟ್ಟೆ ಒಗೆಯೋಕೋ?”

“ಟೀಲ್‌ಗೆ ಮೈ ಕಂದಾಗಿದ್ರೆ ಸಾಕು. ಮೂಗು ಮುಖ ನೋಡ್ಕೊಂಡು ಇಳಿಯೋಕೆ ಅವೇನು ಹೆಣ್ಣು ನೋಡೋಕೆ ಬರ್ತಾವಾ?” ಎಂದ ಎಲ್ಡನ್, ಧೈರ್ಯ ತಂದುಕೊಂಡು.

ನೋಂಕ್ ಒಂದು ಡಬ್ಬಿ ಎತ್ತಿ ಮೂಸಿದ. “ನಿಂಬೆಹಣ್ಣಿನ ವಾಸನೆ ಬರ್ತಿದೆ. ಹಕ್ಕಿ ಬಂದ್ರೆ ಮಸಾಲೆ ಅಲ್ಲೇ ಹಾಕ್ಕೊಂಡು ಬಾ.”

ಅಷ್ಟರಲ್ಲಿ ಲೆಸ್ಟರನ ಮೂಟೆಯಿಂದ ಕತ್ತಿಲ್ಲದ ಒಂದು ಗೊಂಬೆ ಕೆಳಗೆ ಬಿತ್ತು. ಅದರ ಹೊಟ್ಟೆಯ ಮೇಲೆ ಎಲ್ಡನ್‌ನ ಹೆಸರಿತ್ತು. ಚರ್ಚಿನ ಮಾರಾಟದಲ್ಲಿ ಕೊಂಡದ್ದು, ಪಾದ್ರಿಗಳೇ ಸಾಕ್ಷಿ ಎಂದ ಲೆಸ್ಟರ್, ಚೂರೂ ನಾಚಿಕೆಯಿಲ್ಲದೆ. ದೀಮ ಎಷ್ಟಿದ್ದರೂ ಸಾಲದು ಎನ್ನುವುದು ಅವನ ಮತ. ಸೆಪ್ಟೆಂಬರಿನ ಟೀಲ್‌ಗೆ ಒಂದು ಡಜನ್ನೇ ಹೆಚ್ಚಾಯಿತು ಎನ್ನುವುದು ನೋಂಕ್‌ನ ಮತ. ಅದರ ಮೇಲೆ ಇಬ್ಬರೂ ಜಗಳಕ್ಕೆ ಬಿದ್ದರು. ಗೊಂಬೆಗಳನ್ನು ನೀರಿನಲ್ಲಿ ಕುದುರೆಲಾಳದ ಆಕಾರಕ್ಕೆ ಬಿಡಬೇಕು ಎಂದು ಒಬ್ಬ, ಕೊಕ್ಕೆಯ ಹಾಗೆ ಬಿಡಬೇಕು ಎಂದು ಇನ್ನೊಬ್ಬ. ಜಗಳಕ್ಕಾದರೂ ಜೊತೆಯಿದೆಯಲ್ಲ ಎಂದು ಎಲ್ಡನ್ ಅಸೂಯೆಯಿಂದ ಅವರ ದೋಣಿ ಕತ್ತಲಲ್ಲಿ ಕರಗುವುದನ್ನೇ ನೋಡುತ್ತ ನಿಂತ.

ಮೂಲೆಕೊಳದಲ್ಲಿ ಅವನು ಡಬ್ಬಿಗಳನ್ನು ಚಂದವಾಗಿ ಎರಡು ಗುಂಪು ಮಾಡಿ ಬಿಟ್ಟ, ನಡುವೆ ಹಕ್ಕಿ ಇಳಿಯಲು ಖಾಲಿ ನೀರು. ಗೂಡಿಗೆ ಬಂದು ಕೂತನೋ ಇಲ್ಲವೋ, ಗಾಳಿ ಎದ್ದಿತು. ಹಸಿ ಬಣ್ಣದ ಮೇಲೆ ಕಟ್ಟಿದ ಗಂಟುಗಳು ಒಂದೊಂದಾಗಿ ಜಾರಿದವು. ಡಬ್ಬಿಗಳೆಲ್ಲ ಶಾಲೆ ಬಿಟ್ಟ ಮಕ್ಕಳ ಹಾಗೆ ಆಚೆ ದಡದ ಹುಲ್ಲಿಗೆ ಓಡಿಹೋಗಿ ಒಂದೇ ಕಡೆ ಗುಂಪುಗೂಡಿದವು. ಬಂದೂಕನ್ನು ಗೂಡಿನಲ್ಲೇ ಇಟ್ಟು ಎಲ್ಡನ್ ನೀರಿಗಿಳಿದ. ಸೊಂಟದವರೆಗೆ ಕೆಸರು. ಒಂದು ಕಾಲು ಕಿತ್ತರೆ ಇನ್ನೊಂದು ಹೂತುಕೊಳ್ಳುತ್ತಿತ್ತು. ನಡುವಲ್ಲಿ ಕೈ ಚಾಚಿ ಒಂದು ಡಬ್ಬಿ ಹಿಡಿಯಲು ಹೋದ. ಡಬ್ಬಿ ಕಣ್ಣು ಬಿಟ್ಟಿತು. ಮೊಸಳೆಮರಿ. ಇಬ್ಬರೂ ತಂತಮ್ಮ ದಾರಿ ಹಿಡಿದರು.

ಅವನು ಹುಲ್ಲಿನ ಹತ್ತಿರ ತಲುಪುವಾಗ ತಲೆಯ ಮೇಲೆ ಬಟ್ಟೆ ಹರಿದಂಥ ಸದ್ದಾಯಿತು. ಟೀಲ್‌ಗಳ ಹಿಂಡೊಂದು ತಿರುಗಿ, ಬಾಗಿ, ಆ ಗುಂಪುಗೂಡಿದ ಡಬ್ಬಿಗಳ ಪಕ್ಕದಲ್ಲೇ ಇಳಿಯಿತು. ಎಲ್ಡನ್ ಉಸಿರು ಹಿಡಿದು ನಿಂತ. ಮುಖಕ್ಕೂ ಕೈಗೂ ಬಳಿದುಕೊಂಡಿದ್ದ ಕಂದು ಬಣ್ಣ ನೋಡಿ ಅವನೂ ಒಂದು ದೊಡ್ಡ ಡಬ್ಬಿ ಎಂದುಕೊಂಡವೋ ಏನೋ, ಒಂದು ಹಕ್ಕಿ ಅವನ ಮೊಣಕೈ ಸುತ್ತ ಈಜಿಕೊಂಡು ಹೋಯಿತು. ಬಂದೂಕು ಹಿಂದೆ, ಗೂಡಿನಲ್ಲೇ.

ಗಾಳಿ ಬೀಸಿದ ಕಡೆ ಡಬ್ಬಿಗಳನ್ನು ಬಿಟ್ಟುಬಿಡುವುದೇ ಸರಿ ಎಂದು ಅವನಿಗೆ ಆಗ ಹೊಳೆಯಿತು. ಹಕ್ಕಿಗಳು ಎದ್ದುಹೋದ ಮೇಲೆ ಕೆಸರು ಸೀಳಿಕೊಂಡು ಗೂಡಿಗೆ ಹೋಗಿ, ಬಂದೂಕು ಹಿಡಿದು ಮತ್ತೆ ಬಂದು, ಹುಲ್ಲಿನ ಮಗ್ಗುಲಲ್ಲೇ ಕುಕ್ಕರಿಸಿದ. ಬೆಳಕು ಹರಿದು ಗುಂಡು ಹಾರಿಸುವ ಹೊತ್ತೂ ಆಯಿತು. ಮೊದಲ ಗುಂಡಿಗೆ ಒಂದು ಸೋಪಿನ ಡಬ್ಬಿ ಬಲಿಯಾಯಿತು, ತಳದಲ್ಲಿ ಉಳಿದಿದ್ದ ಸೋಪು ನೊರೆ ಎದ್ದಿತು. ಆದರೆ ಎರಡನೆಯ ಹಿಂಡು ಬಂತು, ಮೂರನೆಯದೂ ಬಂತು. ಬಂದದ್ದೆಲ್ಲ ಆ ನೊರೆಯ ಪಕ್ಕಕ್ಕೇ. ಎಲ್ಡನ್ ತನ್ನ ಜನ್ಮದಲ್ಲಿ ಮೊದಲ ಬಾರಿಗೆ ಆರನೆಯ ಹಕ್ಕಿಯನ್ನು ಕೈಯಲ್ಲಿ ಹಿಡಿದು, ಅದು ಡಬ್ಬಿಯಲ್ಲ ಎಂದು ಎರಡು ಸಲ ತಿರುಗಿಸಿ ನೋಡಿದ.

ದೊಡ್ಡಕೊಳದಿಂದ ಒಂದೇ ಒಂದು ಗುಂಡೂ ಕೇಳಿರಲಿಲ್ಲ. ಮಾತಿನ ರಾಗ ಮಾತ್ರ ಏರುತ್ತಲೇ ಇತ್ತು.

ಜೌಗಿನ ದಡದಲ್ಲಿದ್ದ ತಮ್ಮ ಬೇಟೆಮನೆಯ ಜಗಲಿಯಲ್ಲಿ ಅವನು ಹಕ್ಕಿಗಳನ್ನು ಸಾಲಾಗಿ ಜೋಡಿಸಿಟ್ಟು ಕಾದ. ಅವರಿಬ್ಬರೂ ಬರಿಗೈಯಲ್ಲಿ ಬಂದರು. ಲೆಸ್ಟರ್ ಕೆಸರಿನ ಒಂದು ಕಲೆಯಿಲ್ಲದೆ ಬಂದ, ನೋಂಕ್ ಎದೆಯವರೆಗೆ ಒದ್ದೆಯಾಗಿ ಬಂದ. ಇಬ್ಬರೂ ಹಕ್ಕಿಗಳನ್ನು ನೋಡಿದರು, ಎಲ್ಡನ್‌ನನ್ನು ನೋಡಿದರು, ನಿಂಬೆಯ ನೊರೆ ಮೆತ್ತಿದ ಅವನ ಟೋಪಿಯನ್ನು ನೋಡಿದರು. ಮಾತು ಮಾತೇ, ಜಾಗ ಹೇಳು ಎಂದ ನೋಂಕ್.

ಮೂಲೆಕೊಳದಲ್ಲೇ ಹಕ್ಕಿ ಇಳಿಯುವುದನ್ನು ಕಣ್ಣಾರೆ ಕಂಡವನು ಏನು ಹೇಳಬೇಕು? ಆದರೆ ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು ತಾನಾಗಿಯೇ ಹೊರಬಿತ್ತು.

“ದೊಡ್ಡಕೊಳ.”

ಹಾಗಾದರೆ ಇವರಿಬ್ಬರಲ್ಲಿ ಒಬ್ಬರು ಎದ್ದು ಮೂಲೆಗೆ ಹೋಗಬೇಕು. ಮುಖ ಊದಿಸಿಕೊಳ್ಳುತ್ತಾರೆ, ಜಗಳ ಗ್ಯಾರಂಟಿ ಎಂದು ಎಲ್ಡನ್ ಗಟ್ಟಿಯಾಗಿ ಕುರ್ಚಿ ಹಿಡಿದುಕೊಂಡ. ಜಗಳವೇನೋ ಆಯಿತು.

“ನಾನು ಹೋಗ್ತೀನಿ” ಎಂದರು ಇಬ್ಬರೂ, ಒಂದೇ ಉಸಿರಿಗೆ.

ಈ ವಯಸ್ಸಿನಲ್ಲಿ ನಿಮಗ್ಯಾಕೆ ಆ ಕಷ್ಟ, ನಾನಿದ್ದೀನಲ್ಲ ಎಂದ ಲೆಸ್ಟರ್. ವಯಸ್ಸಾದವನು ಮೂಲೆ ಸೇರುವುದೇ ಲೋಕರೂಢಿ ಎಂದ ನೋಂಕ್. ಲೆಸ್ಟರ್ ಸಂಸಾರಸ್ಥ, ಸೊಳ್ಳೆ ಕಚ್ಚಿದರೆ ಹೆಂಡತಿಗೆ ಯಾರು ಜವಾಬು ಹೇಳುವುದು ಎಂದೂ ಸೇರಿಸಿದ. ತನಗಾಗಿ ಇವರಿಬ್ಬರೂ ಹೀಗೆ ತ್ಯಾಗಕ್ಕೆ ನಿಂತದ್ದನ್ನು ನೋಡಿ ಎಲ್ಡನ್ ಹಿಡಿದಿದ್ದ ಕುರ್ಚಿ ಬಿಟ್ಟ. ಇಂಥ ನೆಂಟರ ಬಗ್ಗೆ ಅಸೂಯೆ ಪಟ್ಟೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಲೆಸ್ಟರ್ ಇನ್ನೂ ಮಾತು ಹುಡುಕುತ್ತಿರುವಾಗಲೇ ಮುದುಕ ಚಂಗನೆ ಎದ್ದು, ತನ್ನ ಕೂರುವ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು, ಮೂಲೆಕೊಳದ ದೋಣಿಯಲ್ಲಿ ಇಟ್ಟು ಬಂದೇಬಿಟ್ಟ. ಅಲ್ಲಿಗೆ ತೀರ್ಮಾನವಾಯಿತು.

ಎಲ್ಡನ್ ಎದುರಿಗೆ ಹೋಗಿ ಅವನ ಕೈ ಹಿಡಿದುಕೊಂಡ. ನಿಮ್ಮ ಉಪಕಾರ ಮರೆಯುವುದಿಲ್ಲ ಎಂದ.

ನೋಂಕ್ ಒಳಗೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದ.

“ಉಪಕಾರ ನಿನ್ನದಪ್ಪ. ಯಾರಾದ್ರೂ ಲೆಸ್ಟರ್ ಪಕ್ಕದ ಆ ಜಾಗ ಕೇಳ್ಲಿ ಅಂತ ನಾನು ಪ್ರತಿ ವರ್ಷ ಚರ್ಚಲ್ಲಿ ಮೇಣದಬತ್ತಿ ಹಚ್ಚಿಸ್ತಿದ್ದೆ. ನಾನಾಗೇ ಬಿಟ್ಟುಬಂದ್ರೆ ಅವನ ಹೆಂಡ್ತಿ ನನಗೆ ಊಟ ಹಾಕ್ತಿರ್ಲಿಲ್ಲ.”

“ಯಾಕೆ ನೋಂಕ್? ನೀವಿಬ್ಬರೂ ಅಷ್ಟೊಂದು ನಗ್ತಾ ಮಾತಾಡ್ತಾ...”

“ನಗೋದಾ? ಅದು ನಾನು ಬೈಯೋದು ಕಣೋ.”

ಮುದುಕ ಸೀಟಿ ಹಾಕುತ್ತ ದೋಣಿ ತೊಳೆಯಲು ಹೋದ. ಎಲ್ಡನ್ ನಿಧಾನವಾಗಿ ಒಳಗೆ ಬಂದ. ಲೆಸ್ಟರ್ ಆಗಲೇ ಮೇಜು ಒರೆಸಿ, ಡಬ್ಬಿಯಿಂದ ಕೆಂಪು ಬೀನ್ಸ್ ಕಾಳು ಸುರಿದು, ಒಂದೊಂದನ್ನೇ ಬೆರಳತುದಿಯಿಂದ ಸರಿಸುತ್ತ ಕೂತಿದ್ದ. ಸೋಲಿನ ದುಃಖ ಅವನ ಮುಖದಲ್ಲಿ ಎಲ್ಲೂ ಇರಲಿಲ್ಲ.

“ಬಾ, ಕೂತ್ಕೋ. ಈ ಕಾಳೆಲ್ಲ ನಮ್ಮ ದೀಮ. ನಾಳೆ ಮೊದಲು ಲಾಳದ ಹಾಗೆ ಬಿಡೋಣ. ಹಕ್ಕಿ ಬರ್ಲಿಲ್ಲ ಅಂದ್ರೆ ಕೊಕ್ಕೆ. ಅದೂ ಆಗ್ಲಿಲ್ಲ ಅಂದ್ರೆ ಎಲ್ಲ ತೆಗೆದು ಮತ್ತೆ ಲಾಳ. ಗಾಳಿ ತಿರುಗಿದ ಹಾಗೆಲ್ಲ ಸರಿಸ್ತಿರಬೇಕು, ಒಂದು ಗೇಣು ಆಚೀಚೆ ಆದ್ರೂ ಟೀಲ್‌ಗೆ ಗೊತ್ತಾಗತ್ತೆ. ನನಗೆ ಮಂಡಿ ನೋವು, ನೀರಿಗಿಳಿಯೋಕಾಗಲ್ಲ. ಕೂತಲ್ಲಿಂದ ಹೇಳ್ತೀನಿ.”

ಎಲ್ಡನ್ ಕೂತ. ಕೆಂಪು ಕಾಳುಗಳ ನಟ್ಟನಡುವೆ ಒಂದೇ ಒಂದು ಜೋಳದ ಕಾಳು ಇತ್ತು.

“ಇದೇನು ಲೆಸ್ಟರ್?”

“ಅದಾ? ಅದು ನೀನು” ಎಂದ ಲೆಸ್ಟರ್, ಕಾಳನ್ನು ಒಂದು ಗೇಣು ಎಡಕ್ಕೆ ಸರಿಸುತ್ತ.