ಅಳತಿಗೆ ಸಿಗದ ಹೊಲ

ಬಹಳ ದೊಡ್ಡದನ್ನು ಹೇಳುವ ಇಂಗ್ಲಿಷ್ ಶಬ್ದಗಳ ಮೇಲೆ ನನಗೆ ಭಾರೀ ಜೀವ. ‘ಇಮ್ಮೆಝರಬಲ್’ ಅಂದರೆ ಸಾಕು, ಎದೆ ಒಂದು ಗೇಣು ಉಬ್ಬುತ್ತಿತ್ತು. ಧಾರವಾಡದ ಕಾಲೇಜಿನಿಂದ ನವಲಗುಂದದ ಹತ್ತಿರದ ನಮ್ಮ ಹಳ್ಳಿಗೆ ನಾನು ಹೊತ್ತು ತಂದ ಆಸ್ತಿ ಅದೊಂದೇ. ಪದವಿ ಅಲ್ಲಿಯೇ ಉಳಿದಿತ್ತು!

ಎಪ್ಪತ್ತರ ದಶಕದ ಮಾತು. ನಾನು ನೋಡಿ, ಒಪ್ಪಿ, ನಿದ್ದೆ ಕಳೆದುಕೊಂಡಿದ್ದ ಹುಡುಗಿಯ ಕಡೆಯವರು ನಮ್ಮ ಮನೆ ನೋಡಲು ಬಂದರು. ಹುಡುಗಿಯ ತಂದೆ, ಜೊತೆಗೆ ಕೋಟು ಹಾಕಿದ, ಇಂಗ್ಲಿಷ್ ಬಲ್ಲ ಸೋದರಮಾವ. ಅವರು ‘ಹೂಂ’ ಅನ್ನುವುದಷ್ಟೇ ಬಾಕಿ.

“ಹೊಲ ಎಷ್ಟೈತ್ರಿ?” ಅವಲಕ್ಕಿ ತಿನ್ನುತ್ತ ಹುಡುಗಿಯ ತಂದೆ ಕೇಳಿದರು.

ಅಪ್ಪ ಬಾಯಿ ತೆರೆಯುವ ಮೊದಲೇ ನಾನು, “ಇಮ್ಮೆಝರಬಲ್!” ಎಂದೆ.

“ಏನಂತಾನ?”

“ಅಳತಿಗೆ ಸಿಗೂದಿಲ್ಲಂತ,” ಎಂದರು ಸೋದರಮಾವ.

ಹುಡುಗಿಯ ತಂದೆಯ ಮುಖ ಅರಳಿತು. ಅಪ್ಪನಿಗೆ ಹೆಮ್ಮೆ ತಡೆಯಲಿಲ್ಲ. “ಬಾವೀದೂ ಹೇಳಲೇ!”

“ಅನ್‌ಫ್ಯಾದಮಬಲ್!”

“ತಳಾನ ಇಲ್ಲಂತ.”

ಇನ್ನು ಲೆಕ್ಕವೇ ಇಲ್ಲ ಅನ್ನುವ ‘ಇನ್ಫಿನಿಟ್’ ಒಂದು ಉಳಿದಿತ್ತು. ಅದನ್ನು ಎಮ್ಮೆಗೆ ಖರ್ಚು ಮಾಡಿದೆ.

ಸೋದರಮಾವ ಅವಲಕ್ಕಿ ತಾಟು ಕೆಳಗಿಟ್ಟರು. “ಚಲೋ ಆತು. ನಾ ತಾಲೂಕು ಕಚೇರಿಯೊಳಗ ಇರಾಂವ. ಮಿತಿಗಿಂತ ಹೆಚ್ಚಿನ ಹೊಲ ಸರಕಾರಕ್ಕ ತಗೊಳ್ಳೂ ಕೆಲಸಾನ ನಂದು!”

ಅಪ್ಪನ ಹೆಮ್ಮೆ ಜರ್ರನೆ ಇಳಿಯಿತು. “ಏನ್ ಬೊಗಳಿದಿಲೇ? ಉಲ್ಟಾ ಹೇಳು!” ಎಂದು ನನ್ನ ಕಿವಿಯಲ್ಲಿ ಗುಡುಗಿದ.

“ಮೈಕ್ರೋಸ್ಕೋಪಿಕ್!” ಎಂದು ಕೂಗಿದೆ.

“ಈಗ ಕಣ್ಣಿಗೇ ಕಾಣೂದಿಲ್ಲಂತ.”

ಹುಡುಗಿಯ ತಂದೆ ರುಮಾಲು ಸರಿಮಾಡಿಕೊಂಡು ಎದ್ದರು. “ಹಂಗಾದ್ರ ನಮ್ಮ ಹುಡುಗಿ ಏನ್ ಉಣ್ಣಬೇಕ್ರಿ? ನಡೀರಿ, ಬಸ್ ತಪ್ಪತೈತಿ.”

ನಾನು ಅಡ್ಡ ಹೋದೆ. “ಕುಂದರ್ರಿ! ಇಮ್ಮೆಝರಬಲ್ ಐತ್ರಿ!” ಅಪ್ಪ ನನ್ನ ಕಾಲು ತುಳಿದ. “ಮೈಕ್ರೋಸ್ಕೋಪಿಕ್ಕ್ರಿ!” ಅವರು ಕಟ್ಟೆ ಇಳಿದೇಬಿಟ್ಟರು. “ಇಮ್ಮೆಝರಬಲ್ಲ್ರೀ!”

“ಹಿಂಗ್ಯಾಕ ಒದರತೀರಿ?” ಎಂದರು ಸೋದರಮಾವ. “ಹೋಗಿ ನೋಡೇಬಿಡೂಣು.”

ಹೋದೆವು. ಸೋದರಮಾವ ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡು ಈ ಕಡೆಯ ಬದುವಿನಿಂದ ಹೊರಟರು. ಅದನ್ನು ಉಗುಳುವ ಹೊತ್ತಿಗೆ ಆ ಕಡೆಯ ಬದುವಿನಲ್ಲಿದ್ದರು. ಅಳತಿಗೆ ಸಿಗದ ಹೊಲ ಮುಗಿದಿತ್ತು! ತಳವಿಲ್ಲದ ಬಾವಿಯ ತಳದಲ್ಲಿ ಕಪ್ಪೆಯೊಂದು ನಮ್ಮನ್ನೇ ನೋಡುತ್ತ ಕೂತಿತ್ತು. ಇನ್ಫಿನಿಟ್ ಎಮ್ಮೆ ಒಂದೇ ಇತ್ತು. ಅದೂ ಗೊಡ್ಡು.

ಸೋದರಮಾವ ನಕ್ಕು ನಕ್ಕು ಬದುವಿನ ಮೇಲೆ ಕೂತುಬಿಟ್ಟರು. “ಪುಕ್ಕಟೆ ಕೊಟ್ಟರೂ ಸರಕಾರ ಇದನ್ನ ಮುಟ್ಟೂದಿಲ್ಲ ಬಿಡ್ರಿ!” ಆಮೇಲೆ ಕಣ್ಣೊರೆಸಿಕೊಂಡು ಹುಡುಗಿಯ ತಂದೆಗೆ ಹೇಳಿದರು: “ಭಾವಾ, ಹುಡುಗಿ ಕೊಟ್ಟಬಿಡ್ರಿ. ಇಷ್ಟು ಲಗೂ ಸಿಕ್ಕಬೀಳೂ ಸುಳ್ಳುಗಾರ ಮತ್ತೆಲ್ಲಿ ಸಿಗತಾನ? ನಮ್ಮ ಹುಡುಗಿ ಆರಾಮ ಇರತಾಳ!”

ಹೀಗೆ, ಸುಳ್ಳು ಹೇಳಲು ಬರುವುದಿಲ್ಲ ಎಂಬ ಒಂದೇ ಅರ್ಹತೆಯ ಮೇಲೆ ನನ್ನ ಮದುವೆಯಾಯಿತು.

ಆದರೂ ಚಟ ಬಿಡಬೇಕಲ್ಲ! ಮೊನ್ನೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೆ, “ನಿನ್ನ ಮ್ಯಾಲ ನನ್ನ ಪ್ರೀತಿ ಇಮ್ಮೆಝರಬಲ್!” ಎಂದೆ.

ಆಕೆ ತಲೆ ಎತ್ತಲಿಲ್ಲ.

“ತಡೀರಿ, ಎಲಿ-ಅಡಿಕಿ ಹಾಕ್ಕೊಂಡ ಬರತೀನಿ. ಉಗುಳೂದ್ರೊಳಗ ಮುಗೀತೈತೇನ ನೋಡೂಣು!”