ಮಚ್ಛೆ ಮಶೀನು, ರವಿವಾರ ಪೇಟೆ ಮತ್ತು ನಮ್ಮ ಮಾವನವರು

ಆ ಭಾನುವಾರ ಬೆಳಿಗ್ಗೆಯೂ ನಾನು ಎಂದಿನಂತೆ ಹಾಲು ಕಾಯಿಸಿ, ಬಾಗಿಲಿಗೆ ನೀರು ಹಾಕಿ, ಸಣ್ಣದೊಂದು ರಂಗೋಲಿ ಎಳೆದು, ರೊಟ್ಟಿ ಮಾಡಲು ಒಲೆಯ ಮುಂದೆ ನಿಂತಿದ್ದೆ. ಜನವರಿಯ ಬೆಳಗಾವಿ. ಕೊಬ್ಬರಿ ಎಣ್ಣೆ ಶೀಶೆಯೊಳಗೇ ಹೆಪ್ಪುಗಟ್ಟಿ, ಕರಗಲೆಂದು ಬಿಸಿ ಚಹಾದ ಪಾತ್ರೆಗೆ ಆತು ಕುಳಿತಿತ್ತು. ಮೊದಲ ರೊಟ್ಟಿ ಹಂಚಿಗೆ ಬೀಳುವಾಗಲೇ ಅಂಚು ಹರಿಯಿತು. ಬೆನ್ನ ಹಿಂದಿನಿಂದ ದನಿ ಬಂತು.

“ಮಣಿಕಟ್ಟು ಮೊದಲ ತಿರುಗಿತು, ಭುಜ ಹಿಂದ ಉಳೀತು. ಹರೀದ ಏನ ಮಾಡೀತು?”

ಮಫ್ಲರಿನೊಳಗಿಂದ ಮೂಗು ಮಾತ್ರ ಹೊರಗಿಟ್ಟುಕೊಂಡು, ಖಾಲಿ ಕಪ್ಪು ಹಿಡಿದು ನಿಂತಿದ್ದವರು ನಮ್ಮ ಮಾವನವರು.

“ಮಾಮಾ, ನಾ ರೊಟ್ಟಿ ಹಾಕಾಕತ್ತೇನಿ. ಬ್ಯಾಕ್‌ಹ್ಯಾಂಡ್ ಹೊಡ್ಯಾಕತ್ತಿಲ್ಲ.”

“ಎರಡೂ ಒಂದ ಸುಮಾ. ಕೈ ಆಡೂದಿಲ್ಲ, ಮೈ ಆಡ್ತೈತಿ.”

ಜಗತ್ತಿನ ದೊಡ್ಡ ದೊಡ್ಡ ಟೆನಿಸ್ ಆಟಗಾರರ ತಪ್ಪುಗಳನ್ನು ತೋರಿಸಲು ದುಬಾರಿ ಕೋಚುಗಳಿರುತ್ತಾರಂತೆ. ಆ ಕೋಚುಗಳ ತಪ್ಪುಗಳನ್ನು ತೋರಿಸಲು ನಮ್ಮ ಮಾವನವರಿದ್ದಾರೆ. ಪಾಪ, ಆ ಕೋಚುಗಳಿಗೆ ಈ ಸಂಗತಿ ಗೊತ್ತಿಲ್ಲ, ಅಷ್ಟೆ.

ಹಾಗೆಂದು ಅವರು ಆಡಿದವರೋ ಎಂದರೆ, ಇಲ್ಲ. ನಮ್ಮ ಮನೆಯಲ್ಲಿರುವ ಒಂದೇ ಒಂದು ರ‍್ಯಾಕೆಟ್ಟು ಸೊಳ್ಳೆ ಹೊಡೆಯುವುದು. ಅದರಲ್ಲೂ ಮಾವನವರ ಸಾಧನೆ ಹೇಳಿಕೊಳ್ಳುವಂತಹದ್ದಲ್ಲ. ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಸುಪರ್ವೈಸರ್ ಆಗಿದ್ದವರು. ಸುಟ್ಟ ಹೆಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಎಲ್ಲಿ ಡೊಂಕಿದೆ ಎಂದು ನೋಡಿಯೇ ಆಯುಷ್ಯ ಕಳೆದವರು. ನಿವೃತ್ತರಾಗಿ ಟಿಳಕವಾಡಿಯ ನಮ್ಮ ಮನೆಗೆ ಬಂದಾಗ ಹೆಂಚು ಅಲ್ಲೇ ಉಳಿಯಿತು, ಮುಚ್ಚಿದ ಒಂದು ಕಣ್ಣು ಮಾತ್ರ ಜೊತೆಗೆ ಬಂತು. ಅದೇ ಹೊತ್ತಿಗೆ ಟಿ.ವಿ.ಯ ರಿಮೋಟು ಕೆಟ್ಟು, ಚಾನೆಲ್ಲು ಒಂದು ಟೆನಿಸ್ ಪಂದ್ಯದ ಮೇಲೆ ನಿಂತುಬಿಟ್ಟಿತು. ನನ್ನ ಯಜಮಾನರು ಹೊಸ ರಿಮೋಟು ತರುವಷ್ಟರಲ್ಲಿ ಮಾವನವರು ಯಾವ ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಹೇಳತೊಡಗಿದ್ದರು.

ಪಂದ್ಯ ನೋಡುವಾಗ ಟಿ.ವಿ.ಯ ದನಿ ಪೂರ್ತಿ ಬಂದ್. “ಅವರು ಸ್ಕೋರ್ ಓದ್ತಾರವಾ, ಆಟ ಓದೂದಿಲ್ಲ” ಎನ್ನುವುದು ಟಿ.ವಿ.ಯ ವಿವರಣೆಕಾರರ ಬಗ್ಗೆ ಅವರ ತೀರ್ಪು. ಹೀಗಾಗಿ ವಿವರಣೆಯೂ ಅವರದೇ. ಗಡಿಯ ಖಾನಾಪುರದವರಲ್ಲವೆ? ಆಟ ಸುಖವಾಗಿ ನಡೆದಾಗ ಕನ್ನಡ, ಬಿಗಿಯಾದಾಗ ಮರಾಠಿ. ಕಾರ್ಖಾನೆಯ ಗದ್ದಲದಲ್ಲಿ ಪಳಗಿದ ಗಂಟಲು ಬೇರೆ. ಕಂಪೌಂಡು ಗೋಡೆಯಾಚೆಯ ಶಕೀಲಾ ಭಾಭಿಯವರು ಒಂದು ಪಂದ್ಯವನ್ನೂ ನೋಡಿದವರಲ್ಲ, ಆದರೆ ಕೇಳಿ ಕೇಳಿಯೇ ಪಂಡಿತರಾಗಿದ್ದಾರೆ. ಒಮ್ಮೆ ಪುದೀನಾ ಕೊಡಲು ಬಂದವರು, “ಭಾಭಿ, ಆ ಮಚ್ಛೆಯವನ ಎರಡನೇ ಸರ್ವಿಸ್ ಸುಧಾರಿಸಿತೇನ್ರಿ?” ಎಂದು ಕಾಳಜಿಯಿಂದ ವಿಚಾರಿಸಿದರು.

ಮಚ್ಛೆಯವನು ಯಾರೆಂದು ಹೇಳಬೇಕು. ವಿದೇಶಿ ಆಟಗಾರರ ಹೆಸರುಗಳು ಮಾವನವರ ನಾಲಿಗೆಗೆ ಹೊರಳುವುದಿಲ್ಲ. ಕಾನ್ವೆಂಟಿನಲ್ಲಿ ಕಲಿತ ಸೊಸೆ ಇದ್ದಾಳಲ್ಲ ಎಂದು ನಾನು ತಿದ್ದಲು ಹೋದೆ. “ಹೆಸರ ಅವರವ್ವ ಇಟ್ಟದ್ದು, ಆಟ ಅವರು ಗಳಿಸಿದ್ದು. ಆಟಕ್ಕ ನಾ ಹೆಸರ ಇಡ್ತೇನಿ” ಎಂದರು. ಅಂದಿನಿಂದ, ಅಂಗಳದ ಹಿಂದಿನ ಗೆರೆ ಬಿಟ್ಟು ಕದಲದೆ, ಬಂದ ಚೆಂಡನ್ನೆಲ್ಲ ಒಂದೇ ಅಳತೆಗೆ ಕಡಿದು ವಾಪಸು ಕಳಿಸುವವನು ಮಚ್ಛೆ ಮಶೀನು. ಊರ ಹೊರಗಿನ ಮಚ್ಛೆಯ ಕಾರ್ಖಾನೆಗಳ ಹಾಗೆ, ನಿಲ್ಲಿಸುವವರಿಲ್ಲ. ಎದುರಾಳಿಯನ್ನು ದೂರ ದೂರ ಅಟ್ಟಿ, ಇನ್ನೇನು ಜೋರಾಗಿ ಹೊಡೆಯುತ್ತಾನೆ ಎನ್ನುವಾಗ ಚೆಂಡನ್ನು ಬಲೆಯ ಬುಡದಲ್ಲಿ ಮೆತ್ತಗೆ ಇಳಿಸುವವನು, ನಮ್ಮೂರ ಸಗಟು ಬಜಾರಿನ ಹೆಸರಿನಲ್ಲಿ, ರವಿವಾರ ಪೇಟೆ. “ಮದಲ ದರಾ ಏರಿಸಿ ಹೆದರಸ್ತಾನ, ನೀ ತಿರುಗಿ ಹೊಂಟ್ಯೋ, ಸಟಕ್ಕನ ಇಳಸ್ತಾನ. ಪಕ್ಕಾ ಠೋಕ ವ್ಯಾಪಾರಿ.” ಒಂದೇ ಕೈಯಲ್ಲಿ ಚೆಂದದ ಬ್ಯಾಕ್‌ಹ್ಯಾಂಡ್ ಹೊಡೆಯುವ ಇನ್ನೊಬ್ಬನಿಗೆ ಖಾನಾಪುರ ಹೆಂಚು ಎಂದು ಹೆಸರು. ನೋಡಲು ಲಕ್ಷಣ, ಭುಜದ ಮೇಲೆ ಚೆಂಡು ಎಗರಿತೋ, ಒಡೆಯಿತು.

“ಮಾಮಾ, ಗುಂಜಿ ಹೆಸರು ಮಾತ್ರ ಯಾರಿಗೂ ಇಟ್ಟಿಲ್ಲಲ್ಲ?” ಎಂದು ನಾನೊಮ್ಮೆ ಕೇಳಿದ್ದೆ. ಕಾಡಿನಂಚಿನ ಆ ಗುಂಜಿ ನಮ್ಮ ಅತ್ತೆಯ ತವರು. ಮಾವನವರು ಟಿ.ವಿ.ಯಿಂದ ಕಣ್ಣು ಕೀಳದೆ, “ಆ ಮಟ್ಟದ ಆಟ ಇನ್ನಾ ಯಾರೂ ಆಡಿಲ್ಲ” ಎಂದಿದ್ದರು. ಪಕ್ಕದಲ್ಲಿ ಮೆಂತ್ಯ ಸೋಸುತ್ತಿದ್ದ ಅತ್ತೆ, “ನಮ್ಮೂರಾಗ ಮಾಡಾಕ ಕೆಲಸ ಇರ್ತಾವ್ರಿ” ಎಂದು ಮುಗಿಸಿದ್ದರು.

ಈ ಶಾಸ್ತ್ರ ಮನೆಯೊಳಗೇ ಇದ್ದಿದ್ದರೆ ನಡೆಯುತ್ತಿತ್ತು. ಖಾನಾಪುರದಲ್ಲಿ ಒಂದು ಮದುವೆ. ಹಿಂದಿನ ಸಾಲಿನಿಂದ ಎಲ್ಲರೂ ಅಕ್ಷತೆ ಎಸೆಯುತ್ತಿದ್ದಾರೆ. ಮಾವನವರು ಬಾಜುವಿನ ಗೃಹಸ್ಥರ ತೋಳು ಹಿಡಿದು, “ನೀವು ಹೊಡದ ಮ್ಯಾಲೆ ಕೈ ಅಲ್ಲೇ ನಿಲ್ಲಿಸ್ತೀರಿ. ಕೈ ಪೂರಾ ಹೋಗಬೇಕ್ರಿ. ಅದಕ ನಿಮ್ಮ ಅಕ್ಷತಾ ಎಲ್ಲಾ ಭಟ್ಟರ ತಲಿ ಮ್ಯಾಲೆ ಬೀಳಾಕತ್ತಾವ” ಎಂದರು. ಆ ಗೃಹಸ್ಥರು ವರನ ಸೋದರಮಾವ. ಊಟದ ಪಂಕ್ತಿಯಲ್ಲಿ ನಮ್ಮ ಕಡೆಗೆ ಎರಡನೇ ಸಲ ಶ್ರೀಖಂಡ ಬರಲೇ ಇಲ್ಲ. ಅಷ್ಟಾದರೂ ಮಾವನವರು ಅತ್ತೆಯನ್ನು ತೋರಿಸಿ ನನಗೆ ಪಿಸುಗುಟ್ಟಿದರು: “ನೋಡ, ನಿಮ್ಮತ್ತಿ ಒಗದದ್ದು ನೇರ ಹುಡುಗಿ ಹಣಿ ಮ್ಯಾಲೆ. ಸಣ್ಣಾಕಿದ್ದಾಗ ಮಂಗ್ಯಾಗೋಳಿಗೆ ಕಲ್ಲ ಒಗದ ಕೈ ಅದು.”

ಅಂಥ ಅತ್ತೆ ಆ ಭಾನುವಾರದ ಹೊತ್ತಿಗೆ ಹಾಸಿಗೆ ಹಿಡಿದಿದ್ದರು.

ದೀಪಾವಳಿಯ ಮುಂದೆ ಅಂಗಳ ತೊಳೆಯುವಾಗ ಜಾರಿ, ತೊಡೆಯ ಎಲುಬು ಮುರಿದಿತ್ತು. ಆಪರೇಶನ್ ಆಯಿತು, ಎಲುಬು ಕೂಡಿತು. ಇನ್ನೀಗ ನಡೆಯಲೇಬೇಕು, ನಡೆಯದಿದ್ದರೆ ಮೊಣಕಾಲು ಬಿಗಿದು ಮುಂದೆ ಯಾವತ್ತೂ ನಡೆಯಲಾಗುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅತ್ತೆ ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ. ಹೊಸ್ತಿಲ ಹತ್ತಿರ ಬಂದರೆ ಸಾಕು, ಕಾಲು ಕಲ್ಲಾಗುತ್ತಿತ್ತು. ವ್ಯಾಯಾಮ ಮಾಡಿಸಲು ಬರುವ ಹುಡುಗಿ ರಮಿಸಿದಳು, ಮಗ ಗದರಿದರು, ನಾನು ಕೈಮುಗಿದೆ. “ನನ್ನ ಆಟ ಮುಗೀತು ಸುಮಾ, ಬಿಡ” ಎಂದು ಗೋಡೆಗೆ ಮುಖ ತಿರುಗಿಸಿದರು. ಮಾವನವರೊಬ್ಬರೇ ಏನೂ ಹೇಳದೆ ಟೆನಿಸ್ ನೋಡುತ್ತಿದ್ದರು. ಇಂಥ ಹೊತ್ತಿನಲ್ಲೂ ಒಬ್ಬರಿಗೆ ಮಚ್ಛೆ ಮಶೀನಿನ ಚಿಂತೆಯೆ ಎಂದು ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು.

ಆ ಬೆಳಿಗ್ಗೆ, ಹರಿದ ರೊಟ್ಟಿಯನ್ನು ನಾನು ತೇಪೆ ಹಾಕುತ್ತಿರುವಾಗ, ಅವರು ಕಪ್ಪು ಕೆಳಗಿಟ್ಟು ಹೇಳಿದರು:

“ಸುಮಾ, ನಿಮ್ಮತ್ತಿ ಕಾಲಾಗ ಏನೂ ದೋಷ ಇಲ್ಲ. ನೀವು ಆಕಿ ಕಿಟ್ ಬದಲಿಸಿರಿ.”

“ಕಿಟ್?”

“ವರ್ಷಾನುಗಟ್ಟಲೆ ಒಂದ ರ‍್ಯಾಕೆಟ್ ಹಿಡದಾಂವಗ ಒಮ್ಮೆಲೆ ಹೊಸಾದು ಕೊಟ್ಟರ, ಮದಲನೇ ಸುತ್ತಿನಾಗ ಸೋತ ಬರ್ತಾನ. ಸರ್ವಿಸ್ ಮಾಡೂಕಿಂತ ಮದಲ ಅವರು ಏನೇನ ಮಾಡ್ತಾರ ನೋಡೀಯಿಲ್ಲೊ? ಒಬ್ಬಾಂವ ಚೆಂಡ ಕುಟ್ಟತಾನ, ಒಬ್ಬಾಂವ ಮೂಗ ಒರಸ್ಕೋತಾನ, ಒಬ್ಬಾಂವ ಚಡ್ಡಿ ಜಗ್ಗತಾನ. ಹುಚ್ಚರೇನವರು? ಅದನ್ನ ಮಾಡಲಿಲ್ಲಂದ್ರ ಕೈ ಏಳಂಗಿಲ್ಲ. ಸೆರಗ ಸಿಗಿಸಿಕೊಳ್ಳದ ನಿಮ್ಮತ್ತಿ ಒಂದರ ಕೆಲಸಾ ಮಾಡಿದ್ದು ನೋಡಿಯೇನು?”

ಹೌದಲ್ಲ, ಅತ್ತೆ ಹಾಗೇ. ಉಪ್ಪಿನಕಾಯಿ ಜಾಡಿ ಎತ್ತುವಾಗ, ಅಟ್ಟ ಹತ್ತುವಾಗ, ತರಕಾರಿಯವನ ಜೊತೆ ಜಗಳ ತೆಗೆಯುವಾಗ, ಪ್ರತಿ ಸಲವೂ ಮೊದಲು ಸೆರಗು ಬೆನ್ನ ಸುತ್ತ ಬಂದು ಎಡಸೊಂಟಕ್ಕೆ ಸೇರುತ್ತಿತ್ತು. ಅಂಗೈಯಿಂದ ಅದರ ಮೇಲೊಂದು ಏಟು. ಆಮೇಲೆಯೇ ಕೆಲಸ. ನಾವೋ, ಆಸ್ಪತ್ರೆಯಿಂದ ಬಂದ ಮೇಲೆ ಅನುಕೂಲವೆಂದು ಅವರಿಗೆ ನೈಟಿ ತೊಡಿಸಿದ್ದೆವು. ಹೂವಿನ ಚಿತ್ತಾರದವನ್ನು ನಾನೇ ಆರಿಸಿ ತಂದಿದ್ದೆ. ಸಿಗಿಸಿಕೊಳ್ಳಲು ಸೆರಗೆಲ್ಲಿ? ಎರಡೂ ಕೈ ವಾಕರ್ ಮೇಲಿದ್ದರೆ ಸಿಗಿಸುವುದಾದರೂ ಯಾವ ಕೈಯಿಂದ?

“ಒಂದ ಕೈಯಾಗ ಕೋಲ ಹಿಡೀಬಹುದು ಅಂತ ಆ ವ್ಯಾಯಾಮದ ಹುಡುಗಿ ಎಂದೋ ಹೇಳ್ಯಾಳ” ಎಂದು ಮಾವನವರು ಸೇರಿಸಿದರು. “ಸೀರಿ ಉಡಸು. ಮುಂದಿಂದ ಆಕೀಗೆ ಬಿಡು. ಮತ್ತ ನೋಡ, ಮಧ್ಯಾಹ್ನ ಫೈನಲ್ ಐತಿ. ಮಚ್ಛೆಗೂ ರವಿವಾರ ಪೇಟೆಗೂ. ಮನಿಗೆ ಬೆಂಕಿ ಬಿದ್ದರೂ ನನ್ನ ಕರೀಬ್ಯಾಡ್ರಿ.”

ಸ್ನಾನವಾದ ಮೇಲೆ ಇಳಕಲ್ಲ ಸೀರೆ ಉಡಿಸಿದೆ. ಅತ್ತೆ ಗೊಣಗಿದರು, “ಯಾ ಮದವಿಗೆ ಹೊಂಟೇವ?” ಆದರೆ ನಿರಿಗೆಯನ್ನು ನನಗೆ ಬಿಡದೆ ತಾವೇ ಹಿಡಿದರು.

ಮಧ್ಯಾಹ್ನ ಊಟ ಮುಗಿಸಿ ಮಾವನವರು ಟಿ.ವಿ. ಹಚ್ಚಿ, ದನಿ ಬಂದ್ ಮಾಡಿ, ತೊಡೆಯ ಮೇಲೆ ಶಾಲು ಹರಡಿ ಸಿದ್ಧರಾದರು. ಮಚ್ಛೆ ಮಶೀನು ಚೆಂಡು ಕುಟ್ಟುತ್ತಿತ್ತು. ನಾನು ಅಡುಗೆಮನೆಯಿಂದ ನೋಡುತ್ತಿದ್ದಂತೆ ಅತ್ತೆ ಕೋಲೂರಿ ಕೋಣೆಯ ಬಾಗಿಲಿಗೆ ಬಂದರು. ನಿಂತರು. ಅಂಗಳದ ಬಿಸಿಲು ನೋಡಿದರು. ಆಮೇಲೆ, ಯಾರೂ ಹೇಳದೆ, ಬಿಡುವಾಗಿದ್ದ ಕೈ ಬೆನ್ನ ಹಿಂದೆ ಹೋಯಿತು. ಸೆರಗು ಸುತ್ತಿ ಬಂತು, ಎಡಸೊಂಟಕ್ಕೆ ಸೇರಿತು. ಮೇಲೊಂದು ಏಟು.

ಮಾವನವರು ಟಿ.ವಿ. ಆರಿಸಿದರು.

“ನಿಮ್ಮ ಮ್ಯಾಚ್ ಐತೆಲ್ರಿ” ಎಂದರು ಅತ್ತೆ.

“ಅವರಿಬ್ಬರೂ ಮತ್ತ ಆಡ್ತಾರ. ನೀ ನಡಿ.”

ಹೊಸ್ತಿಲು ದಾಟುವಾಗ ನಾನು ಹಿಡಿಯಲು ಓಡಿದೆ. ಮಾವನವರು ನನ್ನನ್ನು ಕಣ್ಣಿನಲ್ಲೇ ತಡೆದು, ತಾವು ಮಾತ್ರ ಅವರ ಮುಂದೆ, ಮುಟ್ಟದೆ, ಮುಟ್ಟುವಷ್ಟು ಹತ್ತಿರದಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆಯತೊಡಗಿದರು. ಜೊತೆಗೆ ಗಂಟಲೂ ಬಿಚ್ಚಿಕೊಂಡಿತು.

“ಗುಂಜಿ ಹಿಂದಿನ ಗೆರಿ ಬಿಟ್ಟು ಮುಂದ ಬಂದಾಳ. ಕಣ್ಣ ಕಾಲ ಮ್ಯಾಲಿಲ್ಲ, ಮುಂದ ಐತಿ, ಭೇಷ್. ಭಾರ ಮುಂದಿನ ಕಾಲಿಗೆ ಬಂತು. ಹೆಂಗ ಕಾಲ ಇಡ್ತಾಳ ನೋಡ್ರಿ ಗುಂಜಿ.”

“ನಿಮ್ಮ ಬಾಯಿಗೊಂದ ಕೀಲಿ ಹಾಕ್ರಿ. ಓಣಿ ಮಂದಿ ಕೇಳ್ತಾರ.”

“ಗುಂಜಿ ಅಂಪೈರ್ ಜೋಡಿ ವಾದಾ ಮಾಡಾಕತ್ತಾಳ.”

ಅಂಗಳದ ನಡುವೆ, ಅವತ್ತು ಬಿದ್ದಿದ್ದ ಜಾಗದಲ್ಲೇ, ಅತ್ತೆ ನಿಂತುಬಿಟ್ಟರು. ಕೋಲಿನ ತುದಿಯಿಂದ ಕಲ್ಲನ್ನು ಒತ್ತಿ ಒತ್ತಿ ನೋಡಿದರು. ಮಾವನವರ ದನಿ ಮರಾಠಿಗೆ ಹೊರಳಿತು. ಅವಸರ ಬೇಡ ಎನ್ನುವುದನ್ನೇ ಮತ್ತೆ ಮತ್ತೆ, “ಘಾಯಿ ನಕೋ, ಗುಂಜಿ, ಘಾಯಿ ನಕೋ” ಎಂದು, ಮಗುವನ್ನು ಮಲಗಿಸುವ ಹಾಗೆ. ಅತ್ತೆ ಸಿಗಿಸಿದ ಸೆರಗನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಆ ಕಲ್ಲು ದಾಟಿದರು.

ಗೋಡೆಯ ಪಕ್ಕದ ಕರಿಬೇವಿನ ಗಿಡ ತಲುಪಿ, ಒಂದು ಎಸಳು ಮುರಿದು, ನನ್ನತ್ತ ಚಾಚಿ, “ಸಾರಿಗೆ ಹಾಕ. ನಿನ್ನ ಸಾರಾಗ ಕರಿಬೇವ ಕಮ್ಮಿ ಇರ್ತೈತಿ” ಎಂದರು. ತಿಂಗಳುಗಳ ನಂತರ ಅತ್ತೆ ನನ್ನ ಅಡುಗೆಯಲ್ಲಿ ಮೊದಲ ತಪ್ಪು ಹುಡುಕಿದ್ದರು. ಅದಕ್ಕಿಂತ ಹಿತವಾದ ಮಾತು ನಾನು ಈಚೆಗೆ ಕೇಳಿಲ್ಲ. ಮಾವನವರು ಮಾತ್ರ ಗೋಡೆಯ ಕಡೆ ತಿರುಗಿ ಮಫ್ಲರಿನಿಂದ ಕಣ್ಣು ಒರೆಸುತ್ತ, ಬಿಸಿಲು ಭಾಳ ಐತಿ ಎಂದರು. ಅವರು ನಿಂತಿದ್ದದ್ದು ಗಿಡದ ನೆರಳಿನಲ್ಲಿ.

ಟಿ.ವಿ. ಆಮೇಲೂ ಆರಿಯೇ ಇತ್ತು. ಫೈನಲ್ ಯಾರು ಗೆದ್ದರೆಂದು ಅವರು ಕೇಳಲೂ ಇಲ್ಲ.

ಸಂಜೆ ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯಾಚೆ ಶಕೀಲಾ ಭಾಭಿಯವರೂ ತಮ್ಮ ತಂತಿಯಿಂದ ದುಪಟ್ಟಾ ಎಳೆಯುತ್ತಿದ್ದರು. ಇತ್ತ ತಿರುಗದೆಯೇ ಹೇಳಿದರು:

“ಇವತ್ತ ಮಧ್ಯಾಹ್ನ ಹೊಲಿಗಿ ಮಶೀನ್ ಮುಂದ ಕುಂತ ಚಾಚಾರ ಮ್ಯಾಚ್ ಎಲ್ಲಾ ಕೇಳಿದೆ ಭಾಭಿ. ಆ ಗುಂಜಿ ಅನ್ನಾಕಿ ಹೊಸಾಕೇನ್ರಿ? ಕಪ್ ಆಕೀಗೇ ಬಂದಿರಬೇಕು ಬಿಡ್ರಿ. ಚಾಚಾ ಇಷ್ಟ ಖುಷೀಲೆ ಒದರಿದ್ದು ನಾ ಎಂದೂ ಕೇಳಿಲ್ಲ.”