ಕಾಶಪ್ಪನ ನಿರಾಹಾರ ಸೋಮವಾರ

ಬನಹಟ್ಟಿಯ ನೇಕಾರ ಕಾಶಪ್ಪನ ಸಂಕಟ ಶುರುವಾದದ್ದು ಕಾಲಿನ ಹೆಬ್ಬೆರಳಿನಿಂದ. ಮಗ್ಗಕ್ಕೆ ತಾಗಿ ಆದ ಗಾಯ ಶ್ರಾವಣ ಬಂದರೂ ಒಣಗಲಿಲ್ಲ. ಜ್ಞಾನೇಶ್ವರ ಡಾಕ್ಟರರು ಅವನ ರಕ್ತ ನೋಡಿ, ಹೊಟ್ಟೆ ನೋಡಿ, ಕನ್ನಡಕ ತೆಗೆದಿಟ್ಟರು.

"ಸಕ್ಕರಿ ಏರೇತಿ ಕಾಶಪ್ಪ. ಪಾಕೀಟಿನ ತಿನಿಸು, ಸಿಹಿ, ಕರದದ್ದು ಎಲ್ಲಾ ಬಂದ್. ಮಂಗಳವಾರ ಮತ್ತ ನೋಡ್ತೀನಿ. ಇಳೀಲಿಲ್ಲಂದ್ರ ಈ ಬೆರಳ ಉಳಿಯೂದು ನನ್ನ ಕೈಯಾಗಿಲ್ಲ."

ಅಂದಿನಿಂದ ಕಾಶಪ್ಪ, ಸಂತೆಯಲ್ಲಿ ಕೂಸಿನ ಕೈ ಹಿಡಿದವನ ಹಾಗೆ, ಬಗ್ಗಿ ಬಗ್ಗಿ ಬೆರಳು ನೋಡಿಕೊಳ್ಳುತ್ತಿದ್ದ.

ಸೋಮವಾರ ಬಂತು. ಶ್ರಾವಣದ ಉಪವಾಸ. ಶಿವನೇ ದಾರಿ ತೋರಿದ ಅಂದುಕೊಂಡ. ಆದರೆ ನಮ್ಮ ಕಡೆ ಉಪವಾಸದ ದಿನ ಹೊಟ್ಟೆಗೆ ಬಿಡುವಿಲ್ಲ. ರೊಟ್ಟಿ, ಅನ್ನ ಇಲ್ಲ, ಅಷ್ಟೇ, ಫರಾಳ, ಅಂದರೆ ಉಪವಾಸದ ತಿಂಡಿ, ನಡೆಯುತ್ತದೆ. ಬೆಳಗಾಗುತ್ತಲೇ ಹೆಂಡತಿ ಶೇವಂತಿ ತುಪ್ಪದಲ್ಲಿ ಮಿಂದ ಸಾಬೂದಾಣಿ ಖಿಚಡಿ ಇಟ್ಟಳು. ನೆರೆಮನೆಯ ತಾರವ್ವ ಶೇಂಗಾ ಉಂಡಿ ತಂದಳು. ಕಿರಾಣಿ ಅಂಗಡಿಯ ಕಲ್ಮೇಶ ಶಿವಲಿಂಗದ ಚಿತ್ರವಿದ್ದ ಪಾಕೀಟು ತಂದ.

"ಉಪವಾಸದ ಬಟಾಟಿ ಚಿವಡಾ, ಅಣ್ಣಾ. ಕಂಪನ್ಯಾವರು ಪುಕ್ಕಟ ಹಂಚಾಕತ್ಯಾರ. ಸಂಜಿಗೆ ಇನ್ನೊಂದು ಹೊಸಾದು ಬರತೈತಂತ, ಆರೋಗ್ಯದ್ದು."

"ನನ್ನ ಬೆರಳ ಹೋಗತೈತೋ ಮಾರಾಯಾ."

"ಪಾಕೀಟಿನ ಮ್ಯಾಲ ಸಾಕ್ಷಾತ್ ಶಿವನ ಕುಂತಾನ. ಬೆರಳ ಹೆಂಗ ಹೋಗತೈತಿ?"

"ಫರಾಳ ಹೊಳ್ಳಿ ಕಳಿಸಿದ್ರ ಶಿವಗ ಸಿಟ್ಟ ಬರತೈತಪಾ," ಎಂದಳು ತಾರವ್ವ.

ಒಂದು ಕಡೆ ಶಿವ, ಒಂದು ಕಡೆ ಡಾಕ್ಟರು. ಅಂಜಿಕೆಯೇ ಕಾಶಪ್ಪನ ಬಾಯಿಂದ ಮಾತಾಡಿತು. "ಈ ಸಲ ನಿರಾಹಾರ ಹಿಡದೇನ್ರಿ. ಹೊತ್ತ ಮುಳುಗೂತನಕ ನೀರ ಬಿಟ್ಟು ಏನೂ ಮುಟ್ಟಂಗಿಲ್ಲ."

ತಾರವ್ವ ಉಂಡಿ ಕೆಳಗಿಟ್ಟು ಕಾಲಿಗೆ ಬಿದ್ದಳು, ಸರಿಯಾಗಿ ಆ ಬೆರಳಿನ ಮೇಲೆಯೇ. "ಶಿವಶಿವಾ" ಎಂದ ಕಾಶಪ್ಪನ ಕಣ್ಣಲ್ಲಿ ನೀರು ಬಂತು. ಎಂಥ ಭಕ್ತಿ, ಎಂದರು ಜನ.

ಮಧ್ಯಾಹ್ನದ ಹೊತ್ತಿಗೆ ಓಣಿಯ ಮಗ್ಗಗಳು ನಿಂತವು. ಕಾಶಪ್ಪನನ್ನು ಕಂಬಳಿಯ ಮೇಲೆ ಕೂರಿಸಿ ಭಜನೆ ಹಚ್ಚಿದರು. ಅವನು ಧೋತರದೊಳಗೆ ಬೆರಳು ಮುಚ್ಚಿಕೊಂಡು, ಬೋನಿನ ಇಲಿಯಂತೆ ಕೂತ. ಹಸಿವಾದರೂ ಒಳಗೊಳಗೇ ಸಮಾಧಾನ: ಇವತ್ತೊಂದು ದಿನ ದಾಟಿತು, ನಾಳೆ ಡಾಕ್ಟರರು ಮೆಚ್ಚುತ್ತಾರೆ.

ಹೊತ್ತು ಮುಳುಗಿತು. ಕಾಶಪ್ಪ ತಲೆಯೆತ್ತಿ ನೋಡಿದ. ನಿರಾಹಾರ ಹಿಡಿದವನಿಗೆ ತುತ್ತು ಕೊಡುವ ಪುಣ್ಯಕ್ಕೆ ಇಡೀ ಓಣಿ ತಾಟು ಹಿಡಿದು ಸಾಲಾಗಿ ನಿಂತಿತ್ತು. ಉಂಡಿ, ಹೋಳಿಗೆ, ಕಲ್ಮೇಶನ ಪಾಕೀಟುಗಳು.

"ಒಂದೊಂದ ತುತ್ತ ತಗೋರಿ," ಎಂದಳು ಶೇವಂತಿ, ಹೆಮ್ಮೆಯಿಂದ.

ಕಾಶಪ್ಪ ಬಾಗಿಲು ನೋಡಿದ. ಬಾಗಿಲಲ್ಲಿ ಜ್ಞಾನೇಶ್ವರ ಡಾಕ್ಟರರು. ಅವನಿಗೆ ಹೋದ ಜೀವ ಬಂತು.

"ಡಾಕ್ಟರ, ನೀವರ ಹೇಳ್ರಿ ಇವರಿಗೆ."

ಡಾಕ್ಟರರು ಚಪ್ಪಲಿ ಬಿಟ್ಟು ಒಳಗೆ ಬಂದರು. ಕೈ ಮುಗಿದು, ಚೀಲದಿಂದ ಬಂಗಾರದ ಬಣ್ಣದ ಪಾಕೀಟು ತೆಗೆದರು.

"ಎಲ್ಲಾರೂ ತುಸು ಸರೀರಿ. ಮೊದಲನೇ ತುತ್ತಿನ ಪುಣ್ಯಾ ನನಗಿರಲಿ."

'ಆರೋಗ್ಯ ಪೇಡೆ' ಎಂದು ಬರೆದಿತ್ತು. ಶಿವಲಿಂಗ ಇರುತ್ತಿದ್ದ ಜಾಗದಲ್ಲಿ ಕನ್ನಡಕ ಹಾಕಿಕೊಂಡು ನಗುತ್ತಿದ್ದವರು ಸ್ವತಃ ಡಾಕ್ಟರರೇ.

"ಡಾಕ್ಟರ, ನನ್ನ ಬೆರ..." ಎನ್ನಲು ಬಾಯಿ ತೆರೆದ. ಪೇಡೆ ಒಳಗೆ ಹೋಯಿತು. ಹರ ಹರ ಎಂದಿತು ಓಣಿ. ತಾಟುಗಳು ಮುಂದೆ ಸರಿದವು.

ಡಾಕ್ಟರರು ಬಗ್ಗಿ ಅವನ ಕಿವಿಯಲ್ಲಿ ಮೆಲ್ಲಗೆ ಹೇಳಿದರು, "ನಾಳೆ ಮುಂಜಾನೆ ರಕ್ತ ಕೊಡೂದು ಮರೀಬ್ಯಾಡ. ಸಕ್ಕರಿ ಇಳದಿರಬೇಕು, ನೋಡ."

ಬಾಯಿ ತುಂಬಿದ್ದ ಕಾಶಪ್ಪ ತಲೆಯಾಡಿಸಿದ. ಧೋತರದೊಳಗೆ ಕೈ ಹಾಕಿ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡ.